ಮೇಲ್ದನಿಯ ಸಾಲು

ಗಾಯನದ ಮೇಷ್ಟ್ರ ಕಣ್ಣು ಈಚೆಗೆ ಹೆಂಗಸರ ಬಾಯಿಯ ಮೇಲೆಯೇ ಇರುತ್ತಿತ್ತು. ಎಪ್ಪತ್ತು ದಾಟಿದ ಹಿರಿಯರೊಬ್ಬರ ಬಗ್ಗೆ ಹೀಗೆ ಹೇಳಿದರೆ ಕೇಳಿದವರು ಬೇರೇನೋ ಅಂದುಕೊಂಡಾರು. ಅವರು ಹುಡುಕುತ್ತಿದ್ದದ್ದು ಒಂದನ್ನೇ: ಯಾರು ನಿಜವಾಗಿ ಹಾಡುತ್ತಿದ್ದಾರೆ, ಯಾರು ಬರಿದೆ ಬಾಯಿ ಆಡಿಸುತ್ತಿದ್ದಾರೆ ಎಂಬುದನ್ನು.

ಪ್ರತಿ ಶನಿವಾರ ಸಂಜೆ ಐದು ಗಂಟೆಗೆ ಚರ್ಚಿನ ಪಕ್ಕದ ಉದ್ದನೆಯ ಕೋಣೆಯಲ್ಲಿ ಹಾಡಿನ ಅಭ್ಯಾಸ ನಡೆಯುತ್ತಿತ್ತು. ಹಿಂದೆ ಗಂಡಸರ ಬೆಂಚು. ಮುಂದೆ ಬಲಕ್ಕೆ ಕೆಳದನಿಯ ಹೆಂಗಸರು, ಎಡಕ್ಕೆ ಮೇಲ್ದನಿಯ ಹೆಂಗಸರು ಆರು ಜನ. ಮೂಲೆಯಲ್ಲಿ ಕೀಬೋರ್ಡು, ಅದನ್ನು ನುಡಿಸುವವನು ಬ್ಯಾಂಕಿನ ಗುಮಾಸ್ತ. ವಾರವೆಲ್ಲ ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಮೇಷ್ಟ್ರು, ಶನಿವಾರ ಬಿಳಿ ಅಂಗಿ ತೊಟ್ಟು ಬಂದು ಇವರೆಲ್ಲರ ಮುಂದೆ ಕೈಯೆತ್ತಿ ನಿಲ್ಲುತ್ತಿದ್ದರು. ಮೂವತ್ತೊಂದು ವರ್ಷದಿಂದ ಆ ಕೋಣೆಯಲ್ಲಿ ಅವರು ಹೇಳಿದ ಮೇಲೆ ಎರಡನೇ ಮಾತು ಇರಲಿಲ್ಲ.

ಹೆಂಡತಿ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅಷ್ಟರಲ್ಲಿ ಎಲ್ಲವೂ ಬದಲಾಯಿತೆಂದು ಮೇಷ್ಟ್ರ ಎಣಿಕೆ. ಮೊದಲು ಮೇಲ್ದನಿಯ ಸಾಲು ತೆಳ್ಳಗಾಯಿತು. ಆಮೇಲೆ ಪದಗಳ ತುದಿ ಸವೆಯತೊಡಗಿದವು, ಬಾಯಲ್ಲಿ ಹತ್ತಿ ಇಟ್ಟುಕೊಂಡು ಹಾಡಿದ ಹಾಗೆ. ಅವರು ಕೋಣೆಯೊಳಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲುತ್ತಿತ್ತು. ಕೀಬೋರ್ಡಿನವನು ಅವರ ಕೈ ನೋಡುವುದು ಬಿಟ್ಟು ಹೆಂಗಸರ ಕಡೆ ಕತ್ತು ತಿರುಗಿಸಿ ಕಣ್ಸನ್ನೆ ಮಾಡುತ್ತಿದ್ದ. ಯಾರೋ ನಕ್ಕರೆಂದು ತಿರುಗುವಷ್ಟರಲ್ಲಿ ಎಲ್ಲರ ಮುಖವೂ ಪುಸ್ತಕದೊಳಗೆ. ಸಭೆಯ ಪಾಸ್ಟರು ಎರಡು ಸಲ ಕೀಬೋರ್ಡಿನವನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು ಮಾತಾಡಿದ್ದನ್ನು ಮೇಷ್ಟ್ರು ಕಂಡಿದ್ದರು. ಹತ್ತಿರ ಹೋದರೆ ಇಬ್ಬರೂ ಬಿಸಿಲಿನ ಮಾತೆತ್ತಿದರು. ಬಿಸಿಲಿನ ಬಗ್ಗೆ ಮಾತಾಡಲು ತಲೆಗೆ ತಲೆ ಸೇರಿಸಿ ನಿಲ್ಲಬೇಕೆ?

‘ನನ್ನನ್ನು ಇಳಿಸುವ ಹುನ್ನಾರ’ ಎಂದು ಅವರು ತೀರ್ಮಾನಿಸಿದ್ದರು. ಹೆಂಡತಿ ಇದ್ದಾಗ ಯಾರಿಗೂ ಆ ಧೈರ್ಯ ಇರಲಿಲ್ಲ. ಅವಳು ಹೋದಳು, ಇವರಿಗೆ ಬಾಲ ಬಂತು.

ಮನೆಯಲ್ಲೂ ಹಾಗೇ. ಮಗ ಕೆಲಸಕ್ಕೆ ಹೋದಮೇಲೆ ಸೊಸೆ ಒಳಗಿನಿಂದ ಏನೋ ಅನ್ನುವಳು.

“ಏನೋ ಗೊಣಗಿದೆಯಲ್ಲ?”

“ಸ್ನಾನಕ್ಕೆ ನೀರು ಕಾದಿದೆ ಅಂದೆ ಮಾವ.”

“ಅದನ್ನ ಬಾಯಿಬಿಟ್ಟು ಹೇಳೋಕೇನು?”

ಮರುದಿನ ಅವಳು ಬಾಯಿಬಿಟ್ಟು ಹೇಳಿದಳು.

“ಯಾಕಮ್ಮ ಹಾಗೆ ಕಿರುಚ್ತೀಯ? ನಾನೇನು ಕಿವುಡನಾ?”

“ಮೆಲ್ಲಗೆ ಹೇಳಿದ್ರೆ ಗೊಣಗ್ತೀಯ ಅಂತೀರ, ಜೋರಾಗಿ ಹೇಳಿದ್ರೆ ಕಿರುಚ್ತೀಯ ಅಂತೀರ,” ಎಂದಳು ಸೊಸೆ. “ಎರಡರ ನಡುವೆ ಎಲ್ಲಿ ನಿಲ್ಲಿಸ್ಬೇಕು ಅಂತ ಒಂದು ಗೆರೆ ಎಳೆದುಕೊಡಿ ಮಾವ, ಅಲ್ಲೇ ನಿಂತು ಹೇಳ್ತೀನಿ.”

ಅವಳು ನಗುತ್ತಲೇ ಅಂದಿದ್ದಳು. ಆದರೆ ಇವಳಿಗೂ ಯಾರೋ ಹೇಳಿಕೊಟ್ಟಿದ್ದಾರೆ ಎಂದು ಮೇಷ್ಟ್ರಿಗೆ ಅನ್ನಿಸಿತು.

ಅಂಗಡಿಯಲ್ಲಿ ಇನ್ನೊಂದು ಕಾಟ. ಅಲಾರಾಂ ಇರುವ ಅಂಕಿಯ ವಾಚುಗಳಿಗೆ ಹೊಸ ಸೆಲ್ಲು ಹಾಕಿದರೂ ಅವು ಕೂಗುತ್ತಿರಲಿಲ್ಲ. ಅಂಕಿ ಓಡುತ್ತವೆ, ಗಂಟೆಯ ಪುಟ್ಟ ಚಿತ್ರ ಮಿನುಗುತ್ತದೆ, ಸದ್ದು ಮಾತ್ರ ಇಲ್ಲ. ಸೆಲ್ಲಿನಲ್ಲಿ ಕಸುವು ಕಡಿಮೆಯಿದ್ದರೆ ಹೀಗಾಗುವುದುಂಟು. ಸೆಲ್ಲು ತಂದುಕೊಡುವ ವ್ಯಾಪಾರಿ ತನಗೆ ಹಳೆಯ ಮಾಲು ದಾಟಿಸುತ್ತಿದ್ದಾನೆಂದು ಮೇಷ್ಟ್ರು ಅವನನ್ನು ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದುಬಿಟ್ಟರು. ಹೊಸ ವ್ಯಾಪಾರಿಯನ್ನು ಹಿಡಿದರು. ಅವನ ಸೆಲ್ಲೂ ಹಾಗೇ ಆಯಿತು. ಇಬ್ಬರೂ ಒಂದೇ ಗುಂಪಿನವರಿರಬೇಕು ಎಂದುಕೊಂಡರು. ಅಂಥ ಆರು ವಾಚುಗಳು ಮೇಜಿನ ಖಾನೆಯಲ್ಲಿ ಬಿದ್ದಿದ್ದವು.

ಮೇಲ್ದನಿಯ ಆರು ಹೆಂಗಸರಲ್ಲಿ ಒಬ್ಬಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ನಲವತ್ತರ ಆಸುಪಾಸು. ಎಲ್ಲರೂ ಅವಳನ್ನು ಲಾಂಡ್ರಿಯಕ್ಕ ಎನ್ನುತ್ತಿದ್ದರು. ಅವಳ ಗಂಡ ಯಾರನ್ನೋ ಹೊಡೆದು ಜೈಲು ಸೇರಿದ್ದ. ಅಂದಿನಿಂದ ಸಭೆಯಲ್ಲಿ ಅವಳು ಬಂದು ಕೂತ ಬೆಂಚಿನಲ್ಲಿ ಉಳಿದವರ ಕೈಚೀಲಗಳು ಅಗಲವಾಗಿ ಹರಡಿಕೊಳ್ಳುತ್ತಿದ್ದವು. ಗಾಯನದ ಸಾಲಿನಲ್ಲಿ ಮಾತ್ರ ಹಾಗಿಲ್ಲ. ಅಲ್ಲಿ ಜಾಗ ದನಿಯ ಪ್ರಕಾರ. ಅವಳ ಎಡಕ್ಕೊಬ್ಬಳು, ಬಲಕ್ಕೊಬ್ಬಳು, ಇಷ್ಟವಿರಲಿ ಇಲ್ಲದಿರಲಿ, ಭುಜಕ್ಕೆ ಭುಜ ತಾಗಿಸಿ ಕೂರಲೇಬೇಕು. ವಾರಕ್ಕೆ ಎರಡು ಸಲ ಅವಳಿಗೆ ನೆರೆಹೊರೆ ಸಿಗುತ್ತಿದ್ದದ್ದು ಅಲ್ಲೇ.

ಆ ಶನಿವಾರ ಹೊಸ ಕೀರ್ತನೆಯ ಎರಡನೇ ಸಾಲಿನಲ್ಲಿ ಮೇಷ್ಟ್ರು ಕೈ ಕೆಳಗಿಳಿಸಿದರು.

“ನಿಲ್ಲಿಸಿ. ಸಾಲಿನ ಕೊನೇಲಿ ದನಿ ಮೇಲಕ್ಕೆ ಹೋಗ್ಬೇಕು. ಯಾರು ಹೋದ್ರಿ?”

“ಹೋದ್ವಲ್ಲ ಮೇಷ್ಟ್ರೇ,” ಎಂದಳು ತುದಿಯಲ್ಲಿದ್ದವಳು.

“ಇನ್ನೊಂದ್ಸಲ ತಗೊಳ್ಳೋಣ ಬಿಡಿ,” ಎಂದ ಕೀಬೋರ್ಡಿನವನು ಅವಸರವಾಗಿ. ಆ ಅವಸರವೇ ಮೇಷ್ಟ್ರಿಗೆ ಚುಚ್ಚಿತು.

“ನಿನ್ನ ಕೇಳಲಿಲ್ಲ. ಏನಮ್ಮಾ ಲಾಂಡ್ರಿಯಕ್ಕ, ನೀನೊಬ್ಬಳೇ ಹಾಡು.”

ಅವಳು ಎದ್ದು ಹಾಡಿದಳು. ಮೇಷ್ಟ್ರು ಅವಳ ಬಾಯಿ ತೆರೆದದ್ದು ಕಂಡರು, ಕತ್ತಿನ ನರ ಬಿಗಿದದ್ದು ಕಂಡರು. ದನಿ ಮಾತ್ರ ತೆಳು ದಾರದಂತೆ ಬಂದು, ಮೇಲೆ ಹೋಗುವಲ್ಲಿ ಮಂಜಾಗಿ ಕರಗಿತು.

“ತುದೀಲಿ ದನಿ ಎಲ್ಲಿ?”

“ಹಾಡಿದೆನಲ್ಲ.”

“ದೇವರ ಮನೇಲಿ ನಿಂತು ಸುಳ್ಳು ಹೇಳ್ತೀಯಾ?”

ಲಾಂಡ್ರಿಯಕ್ಕ ಪುಸ್ತಕವನ್ನು ಬೆಂಚಿನ ಮೇಲಿಟ್ಟು ಮುಂದೆ ಬಂದಳು. ಉಗಿಯಲ್ಲಿ ನೆನೆದು ಸುಕ್ಕಾದ ಕೈಗಳನ್ನು ಸೆರಗಿನಲ್ಲಿ ಒರೆಸಿಕೊಂಡಳು. “ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಮ್ಮ ಲಾಂಡ್ರೀಲಿ ಯಂತ್ರದ ಪಕ್ಕ ವರ್ಷಗಟ್ಟಲೆ ನಿಂತವರನ್ನ ನೋಡಿದ್ದೀನಿ. ಮೊದಲು ಹೋಗೋದು ತೆಳ್ಳನೆ ಮೇಲಿನ ಸದ್ದು. ಕಿವಿ ಹೋಗ್ತಾ ಇದೆ ಅಂತ ಅವರಿಗೆ ಗೊತ್ತಾಗಲ್ಲ, ನಾವೇ ಮಾತು ನುಂಗ್ತೀವಿ ಅಂತ ರೇಗ್ತಾರೆ. ನೀವೂ ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಳ್ಳಿ. ಅದರಲ್ಲಿ ನಾಚ್ಕೆ ಏನಿಲ್ಲ.”

ಇಷ್ಟು ಹತ್ತಿರದಿಂದ ಹೇಳಿದ್ದರಿಂದ ಮೇಷ್ಟ್ರಿಗೆ ಎಲ್ಲವೂ ಕೇಳಿಸಿತು. ಅವರು ಬೆಂಚುಗಳ ಕಡೆ ನೋಡಿದರು. ಯಾರೂ ತಲೆ ಎತ್ತಲಿಲ್ಲ. ಎಲ್ಲರೂ ಒಟ್ಟಾಗಿ ಕಲಿಸಿ ಇವಳನ್ನು ಮುಂದೆ ಬಿಟ್ಟಿದ್ದಾರೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಹಾಜರಿ ಪುಸ್ತಕ ತೆಗೆದು ಅವಳ ಹೆಸರಿನ ಮೇಲೆ ಗೆರೆ ಎಳೆದರು. “ಬಾಯಿ ಆಡಿಸೋರು ನನಗೆ ಬೇಡ. ನಾಳೆಯಿಂದ ಕೆಳಗೆ ಸಭೇಲಿ ಕೂತ್ಕೋ.”

ಒಬ್ಬರೂ ತುಟಿ ಬಿಚ್ಚಲಿಲ್ಲ. ಅವಳು ಚೀಲ ತೆಗೆದುಕೊಂಡು ಹೋದಳು.

ಎರಡು ಭಾನುವಾರ ಅವಳು ಕೊನೆಯ ಬೆಂಚಿನಲ್ಲಿ ಕೂತಳು. ಬೆಂಚು ಪೂರ್ತಿ ಅವಳದೇ. ಮೇಷ್ಟ್ರು ಸುಮ್ಮನೆ ತೆಗೆಯುವವರಲ್ಲ, ಇವಳೇ ಏನೋ ಮಾಡಿರಬೇಕು, ಎಂಥಾ ಮನೆಯವಳು ನೋಡಿ ಎಂಬ ಮಾತು ಬಾಗಿಲ ಹತ್ತಿರ ಹುಟ್ಟಿ ಗೇಟಿನವರೆಗೆ ಹೋಯಿತು. ಮೂರನೇ ಭಾನುವಾರ ಅವಳು ಬರಲಿಲ್ಲ. ಮೇಷ್ಟ್ರು ಅದನ್ನು ಗಮನಿಸಿದರು. ತಪ್ಪು ಮಾಡಿದವಳು ಮುಖ ತೋರಿಸುವುದು ಹೇಗೆ ಎಂದು ಸಮಾಧಾನ ಮಾಡಿಕೊಂಡರು. ಬೆಳಗಿನ ಪ್ರಾರ್ಥನೆಯಲ್ಲಿ, “ಕರ್ತನೇ, ಇವರ ಕೈಗೆ ನನ್ನನ್ನು ಒಪ್ಪಿಸಬೇಡ. ನನಗೆ ಬಲ ಕೊಡು,” ಎಂದು ಕೇಳಿಕೊಂಡರು. ಬಲ ಕೇಳುವುದನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ.

ಆ ಗುರುವಾರ ಮಧ್ಯಾಹ್ನ ಪಾಸ್ಟರು ಅಂಗಡಿಗೆ ಬಂದರು. ತಮ್ಮ ಹೆಂಡತಿಯ ವಾಚಿಗೆ ಸೆಲ್ಲು ಹಾಕಿಸಬೇಕಿತ್ತು. ಮೇಷ್ಟ್ರು ಹಿಂದಿನ ಮುಚ್ಚಳ ಬಿಚ್ಚಿ ಸೆಲ್ಲು ಕೂರಿಸಿ, ಅಲಾರಾಮಿನ ಗುಂಡಿ ಒತ್ತಿ ಅಂಗೈಯಲ್ಲಿ ಹಿಡಿದು ನೋಡಿದರು.

“ನೋಡಿ, ಇದೂ ಅದೇ ಕತೆ. ಚಿತ್ರ ಮಿನುಗುತ್ತೆ, ಗಂಟಲಿಲ್ಲ. ಇದು ಏಳನೇದು ಪಾಸ್ಟರೇ. ಊರು ತುಂಬ ಕಳ್ಳ ಸೆಲ್ಲು.”

ಪಾಸ್ಟರು ವಾಚನ್ನೂ ಮೇಷ್ಟ್ರ ಮುಖವನ್ನೂ ನೋಡಿದರು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ ಅಂದರು: “ಮೇಷ್ಟ್ರೇ, ಅದು ಕೂಗ್ತಾ ಇದೆ. ಈಗ, ನಿಮ್ಮ ಅಂಗೈಲೇ.”

ಮೇಷ್ಟ್ರು ಭೂತಗನ್ನಡಿ ತೆಗೆದು ನಿಧಾನವಾಗಿ ನಕ್ಕರು. “ಓಹೋ. ಆ ಲಾಂಡ್ರಿಯವಳು ನಿಮ್ಮವರೆಗೂ ಬಂದಳಾ?”

“ಅವಳು ನನ್ನ ಹತ್ರ ಬಂದೇ ಇಲ್ಲ. ನನಗೆ ಮೊದಲೇ ಗೊತ್ತಿತ್ತು. ನಮಗೆಲ್ಲ ಗೊತ್ತಿತ್ತು. ಕೀಬೋರ್ಡಿನವನು ಹೆಂಗಸರಿಗೆ ಕಣ್ಸನ್ನೆ ಮಾಡೋದು ಅದಕ್ಕೇ, ಎಲ್ಲಿ ಎತ್ಬೇಕು ಎಲ್ಲಿ ಬಿಡ್ಬೇಕು ಅಂತ. ಗೇಟಿನ ಹತ್ರ ನಾವಿಬ್ರು ಮಾತಾಡಿದ್ದೂ ಅದನ್ನೇ.”

“ಅಂದ್ರೆ ಮಾತಾಡಿದ್ದು ನಿಜ.”

“ನಿಜ. ನಿಮಗೆ ನೋವಾಗುತ್ತೆ ಅಂತ ಹೇಳಲಿಲ್ಲ. ಅದನ್ನ ಪ್ರೀತಿ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ನಿಮ್ಮ ಕೋಪಕ್ಕೆ ಹೆದರಿದ್ದೆ, ಅಷ್ಟೇ. ಹೇಳೋ ಧೈರ್ಯ ಇದ್ದದ್ದು ಅವಳೊಬ್ಬಳಿಗೆ. ಅವಳನ್ನ ತೆಗೆದ್ರಿ. ನಾವು ನೋಡ್ತಾ ಕೂತ್ವಿ.”

“ದೇವರು ಇಲ್ಲೀತನಕ ನನಗೆ ಬಲ ಕೊಟ್ಟು ನಡೆಸಿದ್ದಾನೆ,” ಎಂದರು ಮೇಷ್ಟ್ರು ಬಿಗಿಯಾಗಿ.

“ನಡೆಸಿದ್ದಾನೆ. ಭಾನುವಾರ ದೇವರು ಮಾಡಿದ್ದನ್ನ ಸಾಕ್ಷಿ ಹೇಳೋಕೆ ಎದ್ದವರೆಲ್ಲ ಅದನ್ನೇ ಹೇಳ್ತಾರೆ. ರೋಗ ಗೆದ್ದೆ, ಪರೀಕ್ಷೆ ಗೆದ್ದೆ. ‘ನನ್ನ ಕೈಲಿ ಆಗ್ತಾ ಇಲ್ಲ’ ಅಂತ ಎದ್ದವರು ಒಬ್ಬರೂ ಇಲ್ಲ, ನಾನೂ ಎದ್ದಿಲ್ಲ. ಕೃಪೆ ಕೃಪೆ ಅಂತ ಹಾಡ್ತೀವಿ ಮೇಷ್ಟ್ರೇ. ಅದನ್ನ ಇಳಿಸ್ಕೊಳ್ಳೋಕೆ ನಮ್ಮ ಹತ್ರ ಖಾಲಿ ಜಾಗಾನೇ ಇಲ್ಲ.”

“ಪ್ರಸಂಗ ಭಾನುವಾರಕ್ಕಿರಲಿ. ವಾಚು ನಾಳೆ ತಗೊಂಡು ಹೋಗಿ.”

ಪಾಸ್ಟರು ಟೋಪಿ ಹಾಕಿಕೊಂಡು ಹೋದರು.

ಮೇಷ್ಟ್ರು ನಂಬಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಹೊಂದುವ ಮಾತನ್ನು ಯಾರೂ ಸುಮ್ಮನೆ ಆಡುವುದಿಲ್ಲ. ಇದನ್ನು ಪರೀಕ್ಷಿಸಲು ಸಭೆಗೆ ಸಂಬಂಧವೇ ಇಲ್ಲದ ಜನ ಬೇಕು. ಅಂಗಡಿಯ ಮುಂದೆಯೇ ಬಸ್ಸು ನಿಲ್ಲುವ ಜಾಗ. ಅಲ್ಲಿನ ಬೆಂಚಿನ ಮೇಲೆ ಅಪರಿಚಿತನೊಬ್ಬ ಕಿತ್ತಳೆ ಹಣ್ಣು ಸುಲಿಯುತ್ತ ಕೂತಿದ್ದ. ಬೆಂಚಿನ ಕೆಳಗೆ ಒಂದು ನಾಯಿ ಮಲಗಿತ್ತು. ಮೇಷ್ಟ್ರು ಖಾನೆಯಿಂದ ಆರೂ ವಾಚುಗಳನ್ನು ತೆಗೆದರು, ಪಾಸ್ಟರ ಹೆಂಡತಿಯದನ್ನು ಸೇರಿಸಿದರು, ಏಳಕ್ಕೂ ಒಂದೇ ನಿಮಿಷಕ್ಕೆ ಅಲಾರಾಂ ಇಟ್ಟು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಆಮೇಲೆ ಯಾರ ಕಡೆಯೂ ನೋಡದವರ ಹಾಗೆ ಕೈಕಟ್ಟಿ ಕೂತು ಓರೆಗಣ್ಣಿನಿಂದ ಕಾದರು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಏಳೂ ವಾಚುಗಳಲ್ಲಿ ಗಂಟೆಯ ಚಿತ್ರ ಮಿನುಗಿತು. ಮೇಷ್ಟ್ರಿಗೆ ಬಸ್ಸೊಂದು ಗೇರು ಬದಲಿಸಿದ್ದು ಕೇಳಿಸಿತು, ಬೇರೇನೂ ಇಲ್ಲ. ಆದರೆ ನಾಯಿ ತಲೆ ಎತ್ತಿತು. ಎದುರಿನ ಅಂಗಡಿಯ ಹೆಂಗಸು ಗುಡಿಸುವುದನ್ನು ನಿಲ್ಲಿಸಿ ಇತ್ತ ನೋಡಿದಳು. ಕಿತ್ತಳೆಯವನು ಎದ್ದು ಬಂದು ಮೇಜಿಗೆ ಒರಗಿ ಜೋರಾಗಿ ಕೇಳಿದ:

“ಏನ್ ಯಜಮಾನ್ರೇ, ಅಂಗಡಿ ತುಂಬ ಜೀರುಂಡೆ ಸಾಕಿದ್ದೀರಾ?”

ಆ ಮನುಷ್ಯನಿಗೆ ಚರ್ಚಿನ ದಾರಿಯೂ ಗೊತ್ತಿರಲಿಲ್ಲ.

ಮೇಷ್ಟ್ರು ಒಂದೊಂದೇ ವಾಚಿನ ಗುಂಡಿ ಒತ್ತಿ ನಿಲ್ಲಿಸಿದರು. ನಿಂತದ್ದು ಗೊತ್ತಾದದ್ದೂ ಚಿತ್ರ ನೋಡಿಯೇ. ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಒಳಗೆ ಕೂತರು.

ಮೊದಲು ನೆನಪಾದದ್ದು ಹೆಂಡತಿ. ಅವಳು ಮೇಲ್ದನಿಯ ಸಾಲಿನ ತುದಿಯಲ್ಲಿ ಕೂರುತ್ತಿದ್ದಳು. ಹಾಡುವಾಗ ತೋರುಬೆರಳು ಪುಸ್ತಕದ ಅಂಚಿನ ಮೇಲೆ ಏಳುತ್ತಿತ್ತು, ಇಳಿಯುತ್ತಿತ್ತು. ಅದು ಇಳಿದಾಗ ಅವರು ಹಾಡು ನಿಲ್ಲಿಸಿ, “ದನಿ ಜಾರ್ತಾ ಇದೆ,” ಎನ್ನುತ್ತಿದ್ದರು. ಮೇಷ್ಟ್ರ ಕಿವಿ ಅಂದರೆ ಕಿವಿ ಎಂದು ಸಭೆಯೆಲ್ಲ ಹೊಗಳುತ್ತಿತ್ತು. ಅಂಗಡಿಗೆ ಊಟ ತಂದಾಗ ಗಿರಾಕಿ ಹೇಳಿದ್ದನ್ನು ಅವಳು ಇನ್ನೊಮ್ಮೆ ದೊಡ್ಡದಾಗಿ ಕೇಳುತ್ತಿದ್ದಳು: “ಪಟ್ಟಿ ಬದಲಾಯಿಸ್ಬೇಕಾ? ಮುಳ್ಳು ಸಡಿಲಾನಾ?” ವಯಸ್ಸಾದವಳ ಚಾಳಿ ಎಂದು ಇವರು ಒಳಗೇ ನಗುತ್ತಿದ್ದರು. ಎಷ್ಟು ವರ್ಷ ಹೀಗೆ ನಡೆಸಿದಳೋ. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಆ ಹೊಗಳಿಕೆಯೆಲ್ಲ ಅವಳ ಕಿವಿಯದಾಗಿತ್ತು. ಮಣ್ಣು ಮಾಡಿ ಬಂದ ದಿನ ಅತ್ತದ್ದಕ್ಕಿಂತ ಹೆಚ್ಚು ಅಂದು ಅವರು ಅತ್ತರು.

ಆಮೇಲೆ ಕಣ್ಣ ಮುಂದೆ ಬಂದದ್ದು ಲಾಂಡ್ರಿಯಕ್ಕನ ಬಿಗಿದುಕೊಂಡ ಕತ್ತಿನ ನರ. ಅವಳು ಹಾಡುತ್ತಿದ್ದಳು. ಆ ಹೊತ್ತೂ ಹಾಡುತ್ತಿದ್ದಳು.

ಪ್ರಾರ್ಥಿಸಲು ತಲೆ ಬಾಗಿಸಿದರು. ಬಲ ಕೊಡು ಎಂಬ ಮಾತು ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. “ಕರ್ತನೇ, ನನಗೆ ಕೇಳಿಸ್ತಾ ಇಲ್ಲ,” ಎಂದರು. ಅದರ ಮುಂದೆ ಏನು ಬೇಡಬೇಕೆಂದು ತಿಳಿಯಲಿಲ್ಲ. ಏನೂ ಬೇಡದೆ ಸುಮ್ಮನೆ ಕೂತರು. ಬಹಳ ದಿನದ ಮೇಲೆ, ತಮ್ಮ ಬೆನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಬೇಕು ಎಂದು ಅನ್ನಿಸಲಿಲ್ಲ.

ಶನಿವಾರ ಅವರು ಅಭ್ಯಾಸಕ್ಕೆ ಹೋಗಲಿಲ್ಲ. ಭಾನುವಾರ ಸಾಕ್ಷಿಯ ಹೊತ್ತಿಗೆ ಎದ್ದು ನಿಂತರು. ಎಲ್ಲರೂ ಇನ್ನೊಂದು ಗೆಲುವಿನ ಕತೆಗೆ ಸಿದ್ಧರಾಗಿ ಕೂತರು.

“ನನಗೆ ಕಿವಿ ಕೇಳಿಸಲ್ಲ,” ಎಂದರು ಮೇಷ್ಟ್ರು. “ಹಾಡ್ತಾ ಇದ್ದವಳನ್ನ ಹಾಡ್ತಿಲ್ಲ ಅಂತ ನಿಮ್ಮೆಲ್ಲರ ಮುಂದೆ ತೆಗೆದುಹಾಕಿದೆ. ಅವಳದೇನೂ ತಪ್ಪಿಲ್ಲ, ತಪ್ಪು ನನ್ನದು.” ಅಷ್ಟು ಹೇಳಿ ಕೂತರು.

ಇಂಥ ಸಾಕ್ಷಿಗೆ ಆಮೆನ್ ಅನ್ನಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ. ಮೇಷ್ಟ್ರ ಕಣ್ಣು ಹಳೆಯ ಚಾಳಿಯಂತೆ, ಯಾರು ಒಳಗೊಳಗೇ ನಗುತ್ತಿದ್ದಾರೆ ಎಂದು ಮುಖದಿಂದ ಮುಖಕ್ಕೆ ಓಡಿತು. ಯಾರೂ ನಗುತ್ತಿರಲಿಲ್ಲ. ಹಲವರು ತಮ್ಮ ಕೈಚೀಲಗಳನ್ನು ನೋಡುತ್ತಿದ್ದರು. ಆರಾಧನೆ ಮುಗಿದ ಮೇಲೆ ಕೀಬೋರ್ಡಿನವನು ಹತ್ತಿರ ಬಂದು, ಅವರ ಕಿವಿಯ ಪಕ್ಕ ಬಾಗಿ ಅಂದ: “ಇನ್ಮೇಲೆ ಕಣ್ಸನ್ನೆ ನಿಮಗೇ ಮಾಡ್ತೀನಿ ಮೇಷ್ಟ್ರೇ. ಕದ್ದು ಮಾಡಿ ಮಾಡಿ ನನ್ನ ಕತ್ತು ಹಿಡ್ಕೊಂಡಿದೆ.”

ಕೊನೆಯ ಬೆಂಚು ಮಾತ್ರ ಖಾಲಿಯಿತ್ತು. ಹೇಳಬೇಕಾದವಳಿಗೆ ಹೇಳಿದಂತಾಗಲಿಲ್ಲ.

ಸೋಮವಾರ ಮಧ್ಯಾಹ್ನ ಮೇಷ್ಟ್ರು ಆಸ್ಪತ್ರೆಯ ಹಿಂಬದಿಯ ಲಾಂಡ್ರಿಗೆ ಹೋದರು. ಆಳೆತ್ತರದ ಒಗೆಯುವ ಯಂತ್ರಗಳು ಗೋಡೆಯುದ್ದಕ್ಕೂ ಗಡಗಡಿಸುತ್ತಿದ್ದವು. ಉಗಿಗೆ ಕನ್ನಡಕ ಮಬ್ಬಾಯಿತು. ಲಾಂಡ್ರಿಯಕ್ಕ ಇನ್ನೊಬ್ಬಳ ಜೊತೆ ಹಾಸಿಗೆಯ ಬಿಳಿ ಹೊದಿಕೆಗಳನ್ನು ಮಡಚುತ್ತಿದ್ದಳು. ಇವಳ ಕೈಯಲ್ಲಿ ಎರಡು ಮೂಲೆ, ಅವಳ ಕೈಯಲ್ಲಿ ಎರಡು ಮೂಲೆ. ಮೇಷ್ಟ್ರನ್ನು ಕಂಡು ಲಾಂಡ್ರಿಯಕ್ಕನ ಮುಖ ಗಟ್ಟಿಯಾಯಿತು. ಕೈ ನಿಲ್ಲಲಿಲ್ಲ.

“ನೀನು ಹೇಳಿದ್ದು ನಿಜ ಆಯ್ತಮ್ಮ,” ಎಂದು ಮೇಷ್ಟ್ರು ಯಂತ್ರಗಳ ಸದ್ದಿನ ಮೇಲೆ ದನಿಯೆತ್ತಿ ಹೇಳಿದರು. “ನೀನು ಹಾಡ್ತಾ ಇದ್ದೆ. ನನಗೆ ಕೇಳಿಸಲಿಲ್ಲ. ನಿನ್ನೆ ಸಭೇಲಿ ಎಲ್ಲರಿಗೂ ಹೇಳಿದೆ. ನೀನಿರಲಿಲ್ಲ, ಅದಕ್ಕೆ ಬಂದೆ. ನನ್ನನ್ನ ಕ್ಷಮಿಸ್ಬೇಕು.”

ಅವಳು ಹೊದಿಕೆ ಮಡಚುತ್ತಲೇ ಏನೋ ಅಂದಳು. ಒಂದು ಮಾತಲ್ಲ, ಮೂರು ನಾಲ್ಕು. ತುಟಿ ಆಡಿದ್ದು ಕಂಡಿತು. ಜೊತೆಯವಳು ನಕ್ಕಳು. ಮೇಷ್ಟ್ರಿಗೆ ಒಂದಕ್ಷರವೂ ಕೇಳಿಸಲಿಲ್ಲ.

ಬೈದಳೋ, ಕ್ಷಮಿಸಿದಳೋ? ಆ ನಗು ಯಾಕೆ? ಹಳೆಯ ಅನುಮಾನ ಎದೆಯೊಳಗೆ ಹೆಡೆಯೆತ್ತಿತು. ತಲೆಯಾಡಿಸಿ ಹೊರಟುಬಿಡಬಹುದಿತ್ತು. ತಲೆಯಾಡಿಸುವುದು ಬೈಗುಳಕ್ಕೂ ಸಲ್ಲುತ್ತದೆ, ಕ್ಷಮೆಗೂ ಸಲ್ಲುತ್ತದೆ. ಎಷ್ಟೋ ದಿನಗಳಿಂದ ಅವರು ಜನರ ನಡುವೆ ಹಾಗೆಯೇ ಪಾರಾಗುತ್ತಿದ್ದರು. ಆದರೆ ಈ ಒಂದು ಮಾತು ಕೇಳಿಸದೆ ಹಿಂದಕ್ಕೆ ಹೋಗಲು ಕಾಲು ಬರಲಿಲ್ಲ.

“ನನಗೆ ಕೇಳಿಸಲಿಲ್ಲ,” ಎಂದರು. “ಇನ್ನೊಂದ್ಸಲ ಹೇಳಮ್ಮಾ.”

ಅವಳ ಕೈ ನಿಂತಿತು. ಹೊದಿಕೆಯನ್ನು ಮೇಜಿನ ಮೇಲೆ ಬಿಟ್ಟು ಬಂದು, ಕಿಟಕಿಯ ಬೆಳಕು ಮುಖಕ್ಕೆ ಬೀಳುವ ಹಾಗೆ ಅವರೆದುರು ನಿಂತಳು.

“ಕೋಪ ಹೋಗಿಲ್ಲ ಅಂದೆ. ಕೇಳಿಸ್ತಾ?”

“ಕೇಳಿಸ್ತು.”

“ಎರಡು ಭಾನುವಾರ ಆ ಬೆಂಚಲ್ಲಿ ಒಬ್ಬಳೇ ಕೂತೆ. ಮೂರನೇದಕ್ಕೆ ಕಾಲು ಬರಲಿಲ್ಲ. ಅದು ಇಷ್ಟು ಬೇಗ ಹೋಗಲ್ಲ ಅಂದೆ. ಹೋಗೋತನಕ ಕಾಯ್ತಾ ಕೂತ್ರೆ ಇಬ್ರೂ ಮುದುಕರಾಗಿಬಿಡ್ತೀವಿ, ನೀವಂತೂ ಆಗ್ಲೇ ಆಗಿದ್ದೀರ, ಅದಕ್ಕೆ ಕೋಪ ಇಟ್ಕೊಂಡೇ ಶನಿವಾರ ಬರ್ತೀನಿ ಅಂದೆ.”

ಮೇಷ್ಟ್ರು ಮಬ್ಬಾದ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಆಮೇಲೆ, ತಡೆಯಲಾರದೆ ಕೇಳಿದರು: “ಆಕೆ ನಕ್ಕಿದ್ದು ಯಾಕೆ?”

“ನೀವು ಕೂಗಿ ಕ್ಷಮೆ ಕೇಳಿದ್ದು ಮೇಲಿನ ವಾರ್ಡಿನ ರೋಗಿಗಳಿಗೂ ಕೇಳಿಸಿರುತ್ತೆ ಅಂದ್ಲು.”

ಮೇಷ್ಟ್ರಿಗೆ ನಗು ಬಂತು. ಅಷ್ಟರಲ್ಲಿ ಜೊತೆಯವಳ ಊಟದ ಹೊತ್ತಾಗಿ ಅವಳು ಡಬ್ಬಿ ಹಿಡಿದು ಹೊರಟಳು. ಮೇಜಿನ ಮೇಲೆ ಹೊದಿಕೆಗಳ ರಾಶಿ ಹಾಗೇ ಇತ್ತು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಲಾಂಡ್ರಿಯಕ್ಕ ಒಂದು ಹೊದಿಕೆಯ ಎರಡು ಮೂಲೆಗಳನ್ನು ತೆಗೆದು ಮೇಷ್ಟ್ರ ಕೈಗೆ ಕೊಟ್ಟು, ಉಳಿದೆರಡನ್ನು ತಾನು ಹಿಡಿದು ಹಿಂದಕ್ಕೆ ನಡೆದಳು. ಬಟ್ಟೆ ಇಬ್ಬರ ನಡುವೆ ಬಿಗಿಯಾಯಿತು. ಅವಳು ಆ ತುದಿಯಿಂದ ಏನೋ ಹೇಳಿದಳು.

“ಏನಂದೆ?” ಎಂದು ಮೇಷ್ಟ್ರು ಕೇಳಿದರು.

ಅವಳು ಇನ್ನೊಂದು ಸಲ ಹೇಳಿದಳು.